ಕೈ ಸೋಕದ ಲೆಕ್ಕ

ಗ್ರಾಮೀಣ ಭಾರತದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 3,773 ರೂಪಾಯಿ, ನಗರದಲ್ಲಿ 6,459 ರೂಪಾಯಿ ಇತ್ತು. 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆ ಕೊಟ್ಟ ಈ ಎರಡು ಅಂಕಿಗಳನ್ನು ಹಿಡಿದು ಬಡತನದ ಬಗ್ಗೆ, ಹಳ್ಳಿ-ಪೇಟೆಗಳ ಅಂತರದ ಬಗ್ಗೆ ಎಷ್ಟೋ ವಾದಗಳು ನಡೆದಿವೆ. ಅಂಕಿಯನ್ನು ನಂಬುವವರೂ ನಂಬದವರೂ ಹೆಚ್ಚಾಗಿ ಅಂಕಿಯನ್ನಷ್ಟೇ ನೋಡುತ್ತಾರೆ, ಅದು ಬಂದ ದಾರಿಯ ಕಡೆ ಕಣ್ಣು ಹೋಗುವುದು ಕಡಿಮೆ. ಆ ದಾರಿಯೋ ಉದ್ದದ್ದು. 2,61,746 ಮನೆಗಳಿಂದ ಬಂದ ಉತ್ತರಗಳು ಮೊದಲು ಫೈಲುಗಳಾಗುತ್ತವೆ. ಆ ಫೈಲುಗಳನ್ನು ಒಂದಕ್ಕೊಂದು ಜೋಡಿಸಬೇಕು, ಕೆಟ್ಟ ದಾಖಲೆಗಳನ್ನು ಬೇರ್ಪಡಿಸಬೇಕು, ವಾರಕ್ಕೆಂದೂ ವರ್ಷಕ್ಕೆಂದೂ ಹೇಳಿದ ಖರ್ಚನ್ನು ತಿಂಗಳ ಲೆಕ್ಕಕ್ಕೆ ತರಬೇಕು, ಪ್ರತಿ ಮನೆಗೂ ಅದಕ್ಕೆ ಸಲ್ಲಬೇಕಾದ ತೂಕ ಕೊಡಬೇಕು. ಇಷ್ಟೆಲ್ಲ ಆದಮೇಲೆ ಸರಾಸರಿ. ಹೆಜ್ಜೆ ಹೆಜ್ಜೆಗೂ ಯಾರೋ ಒಂದು ತೀರ್ಮಾನ ತೆಗೆದುಕೊಂಡಿರುತ್ತಾರೆ, ತೀರ್ಮಾನ ಇದ್ದಲ್ಲೆಲ್ಲ ತಪ್ಪುವುದಕ್ಕೂ ಜಾಗ ಇರುತ್ತದೆ. ಹೀಗಿರುವಾಗ ನಾಲ್ಕು ಜನರ ಮುಂದೆ ಇಡುವ ಯಾವ ಅಂಕಿಯಾದರೂ ಒಂದೇ ಆದೇಶ ಕೊಟ್ಟರೆ, ನಡುವೆ ಯಾರ ಕೈಯೂ ಸೋಕದೆ, ಮೊದಲಿನಿಂದ ಕೊನೆಯವರೆಗೆ ಮತ್ತೆ ಹುಟ್ಟುವಂತಿರಬೇಕು ಎಂಬುದು ನನ್ನ ವಾದ. ಹುಟ್ಟುವಾಗ ಕಂಪ್ಯೂಟರ್ ಏನೇನು ಹೇಳಿತು ಎಂಬ ದಾಖಲೆಯೂ ಅದರ ಜೊತೆ ಉಳಿದಿರಬೇಕು.

ಇದಕ್ಕೆ ಬೇಕಾದ ಸಾಧನ ಹೊಸದೇನೂ ಅಲ್ಲ. ಮೌಸ್ ಬರುವ ಮೊದಲಿನಿಂದಲೂ ಕಂಪ್ಯೂಟರಿಗೆ ಕೆಲಸ ಹೇಳುತ್ತಿದ್ದುದು ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುವುದರಿಂದ. ಅದೇ ಕಮಾಂಡ್ ಲೈನ್. ಮಾಡಬೇಕಾದ ಲೆಕ್ಕದ ಹೆಜ್ಜೆಗಳನ್ನು ಕ್ರಮವಾಗಿ ಬರೆದಿಟ್ಟ ಫೈಲು ಸ್ಕ್ರಿಪ್ಟ್. ಅಂಕಿಅಂಶದ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಭಾಷೆಗಳಲ್ಲಿ ಒಂದು ‘ಆರ್’. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಆರಂಭಿಸಿದ ‘ಎಸ್’ ಭಾಷೆಯ ದಾರಿಯಲ್ಲೇ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. 1995ರಿಂದ ಇದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಆರ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟನ್ನು ಓಡಿಸಲು ‘ಆರ್‌ಸ್ಕ್ರಿಪ್ಟ್’ ಎಂಬ ಪದ, ಅದರ ಮುಂದೆ ಫೈಲಿನ ಹೆಸರು, ಇಷ್ಟು ಟೈಪ್ ಮಾಡಿದರೆ ಸಾಕು. ಕಂಪ್ಯೂಟರ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಾನೇ ಓದಿ, ಲೆಕ್ಕ ಮಾಡಿ, ಉತ್ತರ ಕೊಟ್ಟು ನಿಲ್ಲುತ್ತದೆ. ಸ್ಟೇಟಾ, ಸ್ಯಾಸ್, ಪೈಥಾನ್ ಬಳಸುವವರಿಗೂ ಇದೇ ಸೌಲಭ್ಯ ಉಂಟು.

ಕೈಯಿಂದ ಮಾಡಿದ ಲೆಕ್ಕದಲ್ಲಿ ಏನಾಗಬಹುದು ಎಂಬುದಕ್ಕೆ ಅರ್ಥಶಾಸ್ತ್ರದ ಒಂದು ಪ್ರಕರಣ ಪ್ರಸಿದ್ಧ. ಸಾಲ ಹೆಚ್ಚಾದ ದೇಶಗಳ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಪ್ರಬಂಧ ಬರೆದರು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 90 ದಾಟಿದರೆ ಬೆಳವಣಿಗೆಯ ಸರಾಸರಿ ಸೊನ್ನೆಗಿಂತ ಕೆಳಗೆ, ಅಂದರೆ ಮೈನಸ್ ಶೇ. 0.1ಕ್ಕೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಖರ್ಚು ಕಡಿತ ಮಾಡಬೇಕೆನ್ನುವ ರಾಜಕಾರಣಿಗಳಿಗೆ ಅದು ಆಧಾರವಾಯಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್ಡನ್ ಆ ಲೆಕ್ಕವನ್ನು ಮತ್ತೆ ಮಾಡಲು ಹೋದರೆ ಉತ್ತರ ತಾಳೆಯಾಗಲಿಲ್ಲ. ಲೇಖಕರೇ ತಮ್ಮ ಎಕ್ಸೆಲ್ ಫೈಲನ್ನು ಕಳಿಸಿಕೊಟ್ಟ ಮೇಲೆ ಕಾರಣ ಕಂಡಿತು. ಸರಾಸರಿಯ ಸೂತ್ರ 30ನೇ ಸಾಲಿನಿಂದ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗೇ ಉಳಿದಿದ್ದವು. ಹರ್ನ್ಡನ್ ತಮ್ಮ ಇಬ್ಬರು ಪ್ರಾಧ್ಯಾಪಕರ ಜೊತೆ 2013ರಲ್ಲಿ ಪ್ರಕಟಿಸಿದ ಸರಾಸರಿ ಶೇ. 2.2. ಈ ವ್ಯತ್ಯಾಸಕ್ಕೆಲ್ಲ ಎಕ್ಸೆಲ್ ತಪ್ಪೇ ಕಾರಣ ಎಂದರೆ ಅನ್ಯಾಯವಾಗುತ್ತದೆ. ಅದರ ಪಾಲು ಸಣ್ಣದು. ಕೆಲವು ವರ್ಷಗಳ ಮಾಹಿತಿ ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಇವು ದೊಡ್ಡ ಕಾರಣಗಳು. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು, ಉಳಿದ ಆಕ್ಷೇಪಗಳನ್ನು ಒಪ್ಪಲಿಲ್ಲ. ನಾನು ಎತ್ತಿ ಹೇಳಬೇಕೆಂದಿರುವುದು ಬೇರೆ. ಪ್ರಬಂಧ ಹೊರಬಂದು ಮೂರು ವರ್ಷ ಅದರ ಓದುಗರಿಗೆ ಈ ಯಾವ ತೀರ್ಮಾನವೂ ಕಾಣುವಂತಿರಲಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಉತ್ತರ ಎದುರಿಗಿರುತ್ತದೆ, ಸೂತ್ರ ಚೌಕದ ಒಳಗೆ ಅಡಗಿರುತ್ತದೆ. ಎಳೆದದ್ದು, ಅಂಟಿಸಿದ್ದು, ಅಳಿಸಿದ್ದು ಯಾವುದೂ ಎಲ್ಲೂ ಬರೆದಿರುವುದಿಲ್ಲ. ಸ್ಕ್ರಿಪ್ಟಿನಲ್ಲಾದರೆ ಸರಾಸರಿ ಎಲ್ಲಿಂದ ಎಲ್ಲಿಗೆ ಎಂಬುದು ಓದಲು ಸಿಗುವ ಒಂದು ಸಾಲಾಗಿ ನಿಂತಿರುತ್ತದೆ.

ಕಮಾಂಡ್ ಲೈನಿನ ಬಗ್ಗೆ ಬರೆಯುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸ್ಕ್ರಿಪ್ಟ್ ಬರೆಯುವುದು ಅರ್ಧ ಕೆಲಸ. ಅದು ಹೊರಹಾಕುವ ಮಾತನ್ನು ಹಿಡಿದಿಡುವುದು ಉಳಿದರ್ಧ, ಅಷ್ಟೇ ಮುಖ್ಯ. ಬೆಲ್ ಲ್ಯಾಬ್ಸ್‌ನಲ್ಲೇ 1969ರಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಮೊದಲಾದವರು ಕಟ್ಟಲು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಪ್ರೋಗ್ರಾಮಿಗೂ ಮೂರು ಹರಿವುಗಳಿವೆ. ಸೊನ್ನೆ ನಂಬರಿನದು ಒಳಬರುವ ಮಾಹಿತಿ, ಒಂದು ನಂಬರಿನದು ಹೊರಹೋಗುವ ಉತ್ತರ, ಎರಡು ನಂಬರಿನದು ದೂರು: ಎಚ್ಚರಿಕೆಗಳು, ತಪ್ಪಿನ ಸಂದೇಶಗಳು. ಮೊದಮೊದಲು ದೂರಿನ ಈ ದಾರಿ ಪ್ರತ್ಯೇಕವಾಗಿ ಇರಲಿಲ್ಲ. ಫೋಟೊ ಟೈಪ್‌ಸೆಟಿಂಗ್ ಯಂತ್ರಕ್ಕೆ ಅಚ್ಚಿಗೆ ಕಳಿಸಿದ ಕೆಲಸದಲ್ಲಿ ಉತ್ತರದ ಬದಲು ತಪ್ಪಿನ ಸಂದೇಶವೇ ಚೆಂದವಾಗಿ ಅಚ್ಚಾಗಿ ಬಂದು, ದುಬಾರಿ ಹಾಳೆ ಪದೇಪದೇ ವ್ಯರ್ಥವಾದ ಮೇಲೆ, 1970ರ ದಶಕದಲ್ಲಿ ದೂರಿಗೆ ಬೇರೆ ದಾರಿ ಮಾಡಿದರು. ಇಂದಿಗೂ ಅದೇ ಏರ್ಪಾಡು. ಆದೇಶದ ಕೊನೆಗೆ ‘>’ ಗುರುತು ಹಾಕಿ ಒಂದು ಫೈಲಿನ ಹೆಸರು ಕೊಟ್ಟರೆ ಉತ್ತರ ಪರದೆಯ ಬದಲು ಆ ಫೈಲಿಗೆ ಹೋಗುತ್ತದೆ. ‘2>’ ಹಾಕಿ ಇನ್ನೊಂದು ಹೆಸರು ಕೊಟ್ಟರೆ ದೂರುಗಳು ಅಲ್ಲಿಗೆ. ಎರಡನ್ನೂ ಒಂದೇ ಫೈಲಿನಲ್ಲಿ ಓದಬೇಕೆಂದರೆ ಉತ್ತರದ ಫೈಲಿನ ಹೆಸರಿನ ನಂತರ ‘2>&1’.

ಇದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ನೇರವಾಗಿ ತಟ್ಟುವ ವಿಷಯ. ಜಿಲ್ಲಾವಾರು ಸಾಕ್ಷರತೆಯ ನಕ್ಷೆಗೆ ಕಲಬುರಗಿ, ಕೊಡಗು, ಚಾಮರಾಜನಗರ ಎಂದು ಕನ್ನಡದಲ್ಲೇ ಹೆಸರು ಬರೆದ ಒಂದು ಸ್ಕ್ರಿಪ್ಟ್ ಇದೆ ಎಂದುಕೊಳ್ಳಿ. ಕಮಾಂಡ್ ಲೈನಿನಿಂದ ಓಡಿಸಿದಾಗ ಚಿತ್ರ ಎಲ್ಲಿ ಬೀಳಬೇಕು ಎಂದು ಹೇಳದಿದ್ದರೆ ಆರ್ ಅದನ್ನು ‘ಆರ್‌ಪ್ಲಾಟ್ಸ್’ ಎಂಬ ಪಿಡಿಎಫ್ ಫೈಲಿಗೆ ಹಾಕುತ್ತದೆ. ಆ ಮಾಮೂಲಿ ಪಿಡಿಎಫ್ ಸಾಧನಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ. ಲೆಕ್ಕ ನಿಲ್ಲುವುದಿಲ್ಲ, ಚಿತ್ರವೂ ಬರುತ್ತದೆ, ಆದರೆ ಜಿಲ್ಲೆಯ ಹೆಸರಿರಬೇಕಾದ ಕಡೆ ಚುಕ್ಕಿಗಳ ಸಾಲು ಇರುತ್ತದೆ. ಅಕ್ಷರ ಪರಿವರ್ತನೆ ಆಗಲಿಲ್ಲ, ಬದಲಿಗೆ ಚುಕ್ಕಿ ಇಟ್ಟಿದ್ದೇನೆ ಎಂದು ಆರ್ ಹೇಳಿಯೇ ಇರುತ್ತದೆ, ದೂರಿನ ಹರಿವಿನಲ್ಲಿ. ಉತ್ತರವನ್ನಷ್ಟೇ ಫೈಲಿಗೆ ತಿರುಗಿಸಿ, ಪರದೆಯಲ್ಲಿ ಓಡಿಹೋದ ಎಚ್ಚರಿಕೆಗಳನ್ನು ಗಮನಿಸದವರಿಗೆ ಅದು ಗೊತ್ತಾಗುವುದು ನಕ್ಷೆ ಅಚ್ಚಾದ ಮೇಲೆ. ಕೈರೋ ಎಂಬ ಬೇರೆ ಪಿಡಿಎಫ್ ಸಾಧನವನ್ನು ಹೆಸರಿಸಿ ಕರೆದರೆ, ಯಂತ್ರದಲ್ಲಿ ಕನ್ನಡ ಫಾಂಟ್ ಇದ್ದರೆ, ಹೆಸರುಗಳು ಸರಿಯಾಗಿ ಮೂಡುತ್ತವೆ. ‘ಸಿಂಕ್’ ಎಂಬ ಆರ್ ಆಜ್ಞೆಯನ್ನು ನೆಚ್ಚಿಕೊಂಡವರಿಗೂ ಇದೇ ಅಪಾಯ. ಅದು ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸುತ್ತದೆ ನಿಜ, ಎಚ್ಚರಿಕೆಗಳನ್ನು ಬೇರೆಯಾಗಿ ಕೇಳಿಕೊಳ್ಳದ ಹೊರತು ತಿರುಗಿಸುವುದಿಲ್ಲ. ಎಲ್ಲ ದಾಖಲಾಗಿದೆ ಎಂದುಕೊಂಡವರ ಬಳಿ ದೂರಿನ ಭಾಗವೇ ಇರುವುದಿಲ್ಲ. ಎಚ್ಚರಿಕೆಗಳನ್ನು ಗಂಭೀರವಾಗಿ ತೆಗೆದುಕೊಳ್ಳುವವರಿಗೆ ಇನ್ನೊಂದು ದಾರಿ ಇದೆ. ಆರ್‌ನ ‘ವಾರ್ನ್’ ಎಂಬ ಆಯ್ಕೆಯನ್ನು 2ಕ್ಕೆ ಇಟ್ಟರೆ ಪ್ರತಿ ಎಚ್ಚರಿಕೆಯೂ ತಪ್ಪಾಗಿ ಪರಿಗಣಿತವಾಗಿ ಲೆಕ್ಕ ಅಲ್ಲೇ ನಿಲ್ಲುತ್ತದೆ. ಸಾರ್ವಜನಿಕ ಅಂಕಿಅಂಶಕ್ಕೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ತಪ್ಪಾದಾಗ ಸುಮ್ಮನೆ ಮುಂದುವರಿಯುವುದಕ್ಕಿಂತ ಗಟ್ಟಿಯಾಗಿ ಕೂಗಿ ನಿಲ್ಲುವುದು ಮೇಲು. 2020ರ ಅಕ್ಟೋಬರ್ ಹೊತ್ತಿಗೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದದ್ದು ಇಂಥ ಮೌನದಿಂದಲೇ. 65,536 ಸಾಲುಗಳಿಗಿಂತ ಹೆಚ್ಚು ಹಿಡಿಸದ ಹಳೆಯ ಎಕ್ಸೆಲ್ ಮಾದರಿಗೆ ಪ್ರಯೋಗಾಲಯಗಳ ಮಾಹಿತಿ ತುಂಬುತ್ತಿದ್ದಾಗ ಮಿಕ್ಕ ಸಾಲುಗಳು ಹೊರಗುಳಿದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು.

ಆರ್‌ನ ಒಳಗೇ ಇರುವ ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಆರ್ ತೆರೆದು ಕೂತು ಒಂದೊಂದೇ ಸಾಲು ಓಡಿಸುತ್ತ ಕೆಲಸ ಮಾಡುವಾಗ ಹಿಂದೆ ಮಾಡಿದ್ದೆಲ್ಲ ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ಮುಚ್ಚುವಾಗ ಈ ನೆನಪನ್ನು ಉಳಿಸಲೇ ಎಂದು ಕೇಳುತ್ತದೆ. ಹೌದು ಎಂದರೆ ಮರುದಿನ ತೆರೆದಾಗ ಎಲ್ಲ ಹಾಗೇ ಇರುತ್ತದೆ. ಅನುಕೂಲವೇ, ಆದರೆ ನಿನ್ನೆ ಬೇರೆ ಜಿಲ್ಲೆಯ ಮಾಹಿತಿಗೆ ಇಟ್ಟ ಹೆಸರು ಇಂದಿನ ಲೆಕ್ಕದಲ್ಲಿ ಬಂದು ಕೂತರೆ ಯಾರೂ ತಡೆಯುವುದಿಲ್ಲ. ಸ್ಕ್ರಿಪ್ಟಿನಲ್ಲಿ ಒಂದು ಸಾಲನ್ನೇ ಅಳಿಸಿದ್ದರೂ ಅದರ ಫಲ ನೆನಪಿನಲ್ಲಿ ಇರುವುದರಿಂದ ಉತ್ತರ ಬರುತ್ತಲೇ ಇರುತ್ತದೆ. ಬೇರೆಯವರ ಕಂಪ್ಯೂಟರಿಗೆ ಹೋದಾಗ ಮಾತ್ರ ಬರುವುದಿಲ್ಲ. ಆರ್‌ಸ್ಕ್ರಿಪ್ಟ್ ಮೂಲಕ ಓಡಿಸಿದರೆ ಹಳೆಯ ನೆನಪು ತೆರೆಯುವುದೇ ಇಲ್ಲ, ಲೆಕ್ಕ ಬರಿಗೈಯಿಂದ ಶುರುವಾಗುತ್ತದೆ. ಅದಕ್ಕಿಂತ ಹಳೆಯ ‘ಆರ್ ಸಿಎಂಡಿ ಬ್ಯಾಚ್’ ಎಂಬ ವಿಧಾನ ಇನ್ನೂ ಬಳಕೆಯಲ್ಲಿದೆ. ಕೊಟ್ಟ ಆಜ್ಞೆಯನ್ನೂ ಬಂದ ಉತ್ತರವನ್ನೂ ಒಂದರ ಕೆಳಗೊಂದು ಜೋಡಿಸಿ, ಕೊನೆಗೆ ಹಿಡಿದ ಸಮಯವನ್ನೂ ಬರೆದು ‘ಆರ್‌ಔಟ್’ ಫೈಲಾಗಿ ಕೊಡುವುದರಿಂದ ದಾಖಲೆಯ ದೃಷ್ಟಿಯಿಂದ ಅದು ಬಹಳ ಒಳ್ಳೆಯದು. ಆದರೆ ಬೇಡವೆಂದು ಹೇಳದಿದ್ದರೆ ಅದು ಹಳೆಯ ನೆನಪನ್ನು ತೆರೆದುಕೊಂಡೇ ಆರಂಭಿಸುತ್ತದೆ, ಮುಗಿದಾಗ ಉಳಿಸಿಯೂ ಬಿಡುತ್ತದೆ. ‘ವೆನಿಲಾ’ ಎಂಬ ಸೂಚನೆ ಸೇರಿಸಿದರೆ ಈ ಕಾಟ ಇಲ್ಲ.

ಔಟ್‌ಪುಟ್ ಫೈಲಿಗೂ ತನ್ನದೇ ಅಪಾಯಗಳಿವೆ. ‘>’ ಗುರುತು ಲೆಕ್ಕ ಶುರುವಾಗುವ ಮೊದಲೇ ಆ ಹೆಸರಿನ ಹಳೆಯ ಫೈಲನ್ನು ಬರಿದು ಮಾಡುತ್ತದೆ. ಹೊಸ ಲೆಕ್ಕ ಅರ್ಧದಲ್ಲಿ ಕೆಟ್ಟರೆ ನಿನ್ನೆಯ ಒಳ್ಳೆಯ ಉತ್ತರವೂ ಹೋಯಿತು, ಇಂದಿನದು ಅರ್ಧಂಬರ್ಧ ನಿಂತಿತು. ಮೂವತ್ತೊಂದು ಜಿಲ್ಲೆಗಳ ಪಟ್ಟಿ ಹದಿನೆಂಟಕ್ಕೆ ನಿಂತಿದ್ದರೂ ಫೈಲು ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಇದಕ್ಕೆ ಉತ್ತರ, ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಒಂದು ಸಂಖ್ಯೆ. ಸೊನ್ನೆ ಆದರೆ ಎಲ್ಲ ಸರಿಯಾಗಿ ಮುಗಿದಿದೆ, ಬೇರೆ ಏನಿದ್ದರೂ ಇಲ್ಲ. ಉತ್ತರವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಸಿ, ಈ ಸಂಖ್ಯೆ ಸೊನ್ನೆ ಇದ್ದರೆ ಮಾತ್ರ ನಿಜವಾದ ಹೆಸರಿಗೆ ಬದಲಿಸುವುದು ಕ್ಷೇಮ. ಇನ್ನು, ಪರದೆಗೆ ಬರುವ ಅಂಕಿ ಲೆಕ್ಕದ ಪೂರ್ಣ ಅಂಕಿಯಲ್ಲ. ಆರ್ ಸಾಮಾನ್ಯವಾಗಿ ಏಳು ಸಾರ್ಥಕ ಅಂಕಿಗಳನ್ನಷ್ಟೇ ತೋರಿಸುತ್ತದೆ. 123456.789 ಎಂಬುದು 123456.8 ಆಗಿ ಕಾಣುತ್ತದೆ. ಪರದೆಯಿಂದ ನಕಲು ಮಾಡಿ ಮುಂದಿನ ಲೆಕ್ಕಕ್ಕೆ ಅಂಟಿಸುವವರು ಹೀಗೆ ಪ್ರತಿ ಬಾರಿಯೂ ಒಂದಷ್ಟು ಕಳೆದುಕೊಳ್ಳುತ್ತಾರೆ. ಪೂರ್ಣ ಮೌಲ್ಯ ಮುಂದಕ್ಕೆ ಹೋಗಬೇಕಾದರೆ ಸ್ಕ್ರಿಪ್ಟೇ ಅದನ್ನು ಫೈಲಿಗೆ ಬರೆಯಬೇಕು.

ಇಷ್ಟೆಲ್ಲ ಮಾಡಿದರೂ ಕಂಪ್ಯೂಟರಿಗೆ ದೂರಲು ಕಾರಣವೇ ಕಾಣದ ತಪ್ಪುಗಳಿವೆ, ದೊಡ್ಡವು ಅವೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ಮಾಹಿತಿಯನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯ ಹೆಸರು-ವಿಳಾಸ ತೆಗೆದು ಉಚಿತವಾಗಿ ಕೊಡುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಇದು ಬಂಗಾರದ ಗಣಿ. ಪ್ರತಿ ದಾಖಲೆಯಲ್ಲೂ ಆ ಮನೆ ಎಷ್ಟು ಮನೆಗಳನ್ನು ಪ್ರತಿನಿಧಿಸುತ್ತದೆ ಎಂಬ ಗುಣಕ ಇರುತ್ತದೆ. ಹಲವು ಸುತ್ತುಗಳಲ್ಲಿ ಅದನ್ನು ದಶಮಾಂಶ ಬಿಂದು ಇಲ್ಲದೆ ಬರೆದಿರುವುದರಿಂದ ಕೆಲವು ದಾಖಲೆಗಳಲ್ಲಿ 100ರಿಂದಲೂ ಉಳಿದವುಗಳಲ್ಲಿ 200ರಿಂದಲೂ ಭಾಗಿಸಬೇಕು. ಯಾವುದಕ್ಕೆ ಯಾವುದು ಎಂಬ ನಿಯಮ ಮಾಹಿತಿಯ ಜೊತೆಗಿರುವ ಟಿಪ್ಪಣಿಯಲ್ಲಿದೆ. ಇದನ್ನು ಮರೆತರೆ, ಅಥವಾ ಗುಣಕವನ್ನೇ ಬಿಟ್ಟರೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಬಳಕೆ ವೆಚ್ಚ ಸಮೀಕ್ಷೆಯ ಮಾದರಿಯಲ್ಲಿ 1,55,014 ಮನೆಗಳು ಹಳ್ಳಿಯವು, 1,06,732 ನಗರದವು. ಅಂದರೆ ಮಾದರಿಯಲ್ಲಿ ಹಳ್ಳಿಯ ಪಾಲು ಸುಮಾರು ಶೇ. 59. ದೇಶದಲ್ಲಿ, 2011ರ ಜನಗಣತಿಯಂತೆ, ಜನರಲ್ಲಿ ಸುಮಾರು ಶೇ. 69 ಹಳ್ಳಿಯವರು. ಒರಟಾಗಿ ಗುಣಿಸಿ ನೋಡಿ. ಶೇ. 69 ಮತ್ತು 31ರ ಪಾಲಿನಲ್ಲಿ 3,773 ಮತ್ತು 6,459ನ್ನು ಸೇರಿಸಿದರೆ ದೇಶದ ಸರಾಸರಿ 4,600 ರೂಪಾಯಿಯ ಆಸುಪಾಸು ಬರುತ್ತದೆ, ಮಾದರಿಯ ಪಾಲಿನಲ್ಲಿ ಸೇರಿಸಿದರೆ 4,870ರ ಹತ್ತಿರ ಹೋಗುತ್ತದೆ. ಒಬ್ಬರಿಗೆ ತಿಂಗಳಿಗೆ 260 ರೂಪಾಯಿಗೂ ಮಿಕ್ಕ ಈ ವ್ಯತ್ಯಾಸ ಹುಟ್ಟುವುದು ಒಂದು ಸಾಲು ಬಿಟ್ಟದ್ದರಿಂದ. ಇಂಥದ್ದನ್ನು ಹಿಡಿಯಬಲ್ಲದ್ದು ಇನ್ನೊಬ್ಬ ಮನುಷ್ಯನ ಕಣ್ಣು ಮಾತ್ರ, ಆ ಕಣ್ಣಿಗೆ ಓದಲು ಸ್ಕ್ರಿಪ್ಟ್ ಬೇಕು. ನಮ್ಮ ದೇಶದ ಸಾಂಖ್ಯಿಕ ಪರಂಪರೆಗೆ ಇದು ಹೊಸ ವಿಚಾರವಲ್ಲ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರು 1930ರ ದಶಕದಲ್ಲಿ ಬಂಗಾಳದ ಸೆಣಬು ಬೆಳೆಯ ಸಮೀಕ್ಷೆ ಮಾಡಿಸುವಾಗ ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಉಪಮಾದರಿಗಳನ್ನು ಇಟ್ಟು, ಬೇರೆ ಬೇರೆ ತಂಡಗಳಿಂದ ಲೆಕ್ಕ ತರಿಸಿ, ಎರಡನ್ನೂ ಹೋಲಿಸಿ ತಪ್ಪನ್ನು ಅಳೆಯುವ ಕ್ರಮ ತಂದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಅದನ್ನು ಅಳವಡಿಸಿಕೊಂಡಿತು. ಹೊಲದಲ್ಲಿ ಅಷ್ಟು ಕಟ್ಟುನಿಟ್ಟಾಗಿ ತಂದ ಮಾಹಿತಿಯನ್ನು ಮೇಜಿನ ಮೇಲೆ ಗುರುತೇ ಉಳಿಯದಂತೆ ಲೆಕ್ಕ ಮಾಡುವುದು ಆ ಶ್ರಮಕ್ಕೆ ಮಾಡುವ ಅಪಚಾರ.

ಸ್ಕ್ರಿಪ್ಟಿನಲ್ಲೂ ತಪ್ಪಾಗುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಆಗುತ್ತದೆ. 2014ರಲ್ಲಿ ರಸಾಯನಶಾಸ್ತ್ರಜ್ಞರ ಉಪಯೋಗಕ್ಕೆಂದು ಪ್ರಕಟವಾದ ಪೈಥಾನ್ ಸ್ಕ್ರಿಪ್ಟುಗಳನ್ನು ಹಲವು ಪ್ರಯೋಗಾಲಯಗಳು ಬಳಸಿದವು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಅವನ್ನೇ ಅದೇ ಮಾಹಿತಿಯ ಮೇಲೆ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಓಡಿಸಿದಾಗ ಬೇರೆ ಬೇರೆ ಉತ್ತರ ಬಂತು. ಫೈಲುಗಳ ಪಟ್ಟಿ ಯಾವ ಕ್ರಮದಲ್ಲಿ ಬರುತ್ತದೆ ಎಂಬುದು ಆಪರೇಟಿಂಗ್ ಸಿಸ್ಟಮ್ ಮೇಲೆ ನಿಂತಿದೆ, ಸ್ಕ್ರಿಪ್ಟ್ ಬರೆದವರು ಅದು ಒಂದೇ ರೀತಿ ಬರುತ್ತದೆ ಎಂದುಕೊಂಡಿದ್ದರು. ನೂರಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಅನುಮಾನದ ನೆರಳು ಬಿತ್ತು. ಸ್ಕ್ರಿಪ್ಟಿನ ತಪ್ಪು ಸ್ಪ್ರೆಡ್‌ಶೀಟಿನ ತಪ್ಪಿಗಿಂತ ಬೇಗ ಹರಡುತ್ತದೆ ಎಂಬ ಆಕ್ಷೇಪ ಇದರಿಂದ ಸಾಬೀತಾಗುತ್ತದೆ, ನಾನದನ್ನು ಒಪ್ಪುತ್ತೇನೆ. ಆದರೆ ಅದೇ ಪ್ರಕರಣ ಇನ್ನೊಂದನ್ನೂ ತೋರಿಸುತ್ತದೆ. ಸ್ಕ್ರಿಪ್ಟ್ ಎಲ್ಲರ ಕೈಗೂ ಸಿಗುವಂತಿದ್ದುದರಿಂದಲೇ ಮತ್ತೊಬ್ಬರು ಅದನ್ನು ಓಡಿಸಿದರು, ಓಡಿಸಿದ್ದರಿಂದಲೇ ತಪ್ಪು ಸಿಕ್ಕಿತು. ಫೈಲುಗಳನ್ನು ಮೊದಲು ಕ್ರಮವಾಗಿ ಜೋಡಿಸಿಕೊಳ್ಳುವ ಒಂದು ತಿದ್ದುಪಡಿಯಿಂದ ದೋಷ ನಿವಾರಣೆಯಾಯಿತು. ಯಾರ ಲೆಕ್ಕ ಕೆಟ್ಟಿದೆ ಎಂಬುದನ್ನು ಮರುಲೆಕ್ಕ ಮಾಡಿ ತಿಳಿಯಲೂ ಸಾಧ್ಯವಾಯಿತು. ಕೈಯಿಂದ ಮಾಡಿದ ನೂರು ಲೆಕ್ಕಗಳಲ್ಲಿ ನೂರು ಬಗೆಯ ತಪ್ಪುಗಳಿದ್ದಿದ್ದರೆ ಅವನ್ನು ಹುಡುಕುವ ಬಗೆಯೇ ಇರುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಸ್ಕ್ರಿಪ್ಟುಗಳು ಹಳಸುತ್ತವೆ ಎಂಬುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇಟಾವರ್ಸ್ ಭಂಡಾರದಲ್ಲಿ ಸಂಶೋಧಕರು ತಾವಾಗಿಯೇ ಇಟ್ಟ 9,000ಕ್ಕೂ ಹೆಚ್ಚು ಆರ್ ಫೈಲುಗಳನ್ನು ಓಡಿಸಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಮೊದಲ ಯತ್ನದಲ್ಲಿ ಶೇ. 74ರಷ್ಟು ಫೈಲುಗಳು ತಪ್ಪು ತೋರಿಸಿ ನಿಂತವು. ಸಾಮಾನ್ಯ ದೋಷಗಳನ್ನು ತಾವೇ ಸರಿಪಡಿಸಿದ ಮೇಲೂ ಶೇ. 56 ಓಡಲಿಲ್ಲ. ಸ್ಕ್ರಿಪ್ಟ್ ಇದ್ದರೆ ಎಲ್ಲ ಇದ್ದಂತೆ ಎನ್ನುವವರು ಈ ಅಂಕಿಯನ್ನು ಎದುರಿಸಲೇಬೇಕು. ಕಾರಣಗಳನ್ನು ನೋಡಿದರೆ ಹಲವು ಬಹಳ ಸಾದಾ: ತನ್ನ ಕಂಪ್ಯೂಟರಿನಲ್ಲಿ ಮಾತ್ರ ಇರುವ ಫೋಲ್ಡರಿನ ವಿಳಾಸ, ಹೆಸರಿಸದ ಪ್ಯಾಕೇಜು (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಧನ), ಜೊತೆಗೆ ಇಡದ ಫೈಲು. ಇವುಗಳಲ್ಲಿ ಹೆಚ್ಚಿನವು ಲೇಖಕರು ಒಮ್ಮೆ ಬೇರೆ ಫೋಲ್ಡರಿನಲ್ಲಿ, ಬರಿಗೈಯಿಂದ, ಕಮಾಂಡ್ ಲೈನಿನಲ್ಲಿ ಓಡಿಸಿ ನೋಡಿದ್ದರೆ ಅವರಿಗೇ ಸಿಗುತ್ತಿದ್ದವು. ಹಾಗೆ ಓಡಿಸಿದರೂ ಕಾಲ ತರುವ ಬದಲಾವಣೆ ಉಳಿಯುತ್ತದೆ. ಯಾದೃಚ್ಛಿಕ ಸಂಖ್ಯೆಗಳನ್ನು ಬಳಸುವ ಲೆಕ್ಕ ಪ್ರತಿ ಸಲವೂ ಒಂದೇ ಉತ್ತರ ಕೊಡಲಿ ಎಂದು ‘ಸೆಟ್ ಸೀಡ್’ ಎಂಬ ಆಜ್ಞೆಯಿಂದ ಆರಂಭದ ಸಂಖ್ಯೆಯನ್ನು ನಿಗದಿ ಮಾಡುತ್ತಾರೆ. 2019ರ ಏಪ್ರಿಲ್‌ನಲ್ಲಿ ಬಂದ ಆರ್ 3.6.0 ಆವೃತ್ತಿಯಲ್ಲಿ ಮಾದರಿ ಆರಿಸುವ ಒಳಗಿನ ವಿಧಾನವೇ ಬದಲಾಯಿತು. ಹಳೆಯದರಲ್ಲಿ ದೊಡ್ಡ ಸಮೂಹಗಳಿಂದ ಆರಿಸುವಾಗ ಎಲ್ಲರಿಗೂ ಸಮಾನ ಅವಕಾಶ ಸಿಗುತ್ತಿರಲಿಲ್ಲ, ಆದ್ದರಿಂದ ಬದಲಾವಣೆ ಸರಿಯಾದದ್ದೇ. ಆದರೆ ಅದೇ ಸ್ಕ್ರಿಪ್ಟ್, ಅದೇ ಆರಂಭದ ಸಂಖ್ಯೆ ಇದ್ದರೂ ಆರಿಸಿದ ಮಾದರಿ ಬೇರೆಯಾಯಿತು. ಹಾಗಾಗಿ ಯಾವ ಆವೃತ್ತಿಯಲ್ಲಿ, ಯಾವ ಪ್ಯಾಕೇಜುಗಳೊಂದಿಗೆ ಓಡಿತು ಎಂಬುದನ್ನು ಸ್ಕ್ರಿಪ್ಟೇ ತನ್ನ ಔಟ್‌ಪುಟ್ಟಿನ ಕೊನೆಗೆ ಬರೆಯಬೇಕು. ‘ಸೆಷನ್ ಇನ್ಫೊ’ ಎಂಬ ಒಂದೇ ಆಜ್ಞೆ ಈ ಕೆಲಸ ಮಾಡುತ್ತದೆ. ದಾಖಲೆ ಇದ್ದರೆ ವ್ಯತ್ಯಾಸಕ್ಕೆ ಕಾರಣ ಹುಡುಕಬಹುದು, ಇಲ್ಲದಿದ್ದರೆ ಇಬ್ಬರು ಪ್ರಾಮಾಣಿಕರು ಒಬ್ಬರನ್ನೊಬ್ಬರು ಅನುಮಾನಿಸುತ್ತ ಕೂರಬೇಕಾಗುತ್ತದೆ.

ಮಾಹಿತಿಯನ್ನು ಮೊದಲು ಕೈಯಾಡಿಸಿ ನೋಡದೆ ಸ್ಕ್ರಿಪ್ಟ್ ಬರೆಯುವುದಾದರೂ ಹೇಗೆ ಎಂದು ಅನುಭವಿಗಳು ಕೇಳುತ್ತಾರೆ. ಕೇಳುವುದು ಸರಿ. ಚಿತ್ರ ಬರೆದು ನೋಡಿ, ಅಳಿಸಿ, ಇನ್ನೊಂದು ಪ್ರಯತ್ನ ಮಾಡಿ, ಹೀಗೆಯೇ ಒಳನೋಟ ಸಿಗುವುದು. ಆ ಹಂತಕ್ಕೆ ಯಾವ ಕಟ್ಟಳೆಯೂ ಬೇಡ. ಹುಡುಕಾಟ ಮುಗಿದು ಅಂಕಿ ಹೊರಗೆ ಹೋಗುವ ಮೊದಲು ಒಂದು ಸಲ ಶುಚಿಯಾದ ಓಟ ಆಗಬೇಕು ಎಂಬುದಷ್ಟೇ ನನ್ನ ಕೇಳಿಕೆ.

ಕಪ್ಪು ಪರದೆ, ಇಂಗ್ಲಿಷ್ ಆಜ್ಞೆಗಳು, ಇದು ಸಾಮಾನ್ಯ ಕನ್ನಡಿಗರಿಗೆ ಎಟುಕುವಂಥದ್ದೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಹಳ ವರ್ಷ ಇದು ನಿಜಕ್ಕೂ ಕಷ್ಟವೇ ಆಗಿತ್ತು. ವಿಂಡೋಸ್ ಕಂಪ್ಯೂಟರಿನ ಆರ್‌ನಲ್ಲಿ ಕನ್ನಡ ಪದ ಇರುವ ಪಟ್ಟಿಯನ್ನು ತೆರೆದರೆ ಅಕ್ಷರದ ಬದಲು ಕೋನಾವರಣದೊಳಗೆ ಅದರ ಯೂನಿಕೋಡ್ ಸಂಖ್ಯೆ ಬರುತ್ತಿದ್ದುದನ್ನು ಬಳಸಿದವರು ಬಲ್ಲರು. 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿಯಿಂದ, ಈಚಿನ ವಿಂಡೋಸ್‌ಗಳಲ್ಲಿ, ಯೂನಿಕೋಡ್ ನೇರವಾಗಿ ನಡೆಯುತ್ತದೆ. ಸ್ಕ್ರಿಪ್ಟಿನ ನಡುವೆ ‘#’ ಗುರುತಿನ ಮುಂದೆ ಬರೆಯುವ ವಿವರಣೆ ಪೂರ್ತಿ ಕನ್ನಡದಲ್ಲೇ ಇರಬಹುದು. ‘ಇಲ್ಲಿ ಗುಣಕವನ್ನು 100ರಿಂದ ಭಾಗಿಸಿದೆ, ಕಾರಣ ಇದು’ ಎಂದು ಬರೆದ ಸಾಲನ್ನು ಆರ್ ಬಾರದವರೂ ಓದಿ, ಪ್ರಶ್ನಿಸಬಹುದು. ಕಲಿಯಬೇಕಾದ ಆಜ್ಞೆಗಳೂ ಅಗಾಧವಲ್ಲ. ಓಡಿಸುವುದು, ಉತ್ತರವನ್ನು ತಿರುಗಿಸುವುದು, ದೂರನ್ನು ತಿರುಗಿಸುವುದು, ಕೊನೆಯ ಸಂಖ್ಯೆಯನ್ನು ನೋಡುವುದು, ಮೂಲಭೂತವಾಗಿ ಇಷ್ಟೇ. ಎಕ್ಸೆಲ್‌ನ ಹತ್ತಾರು ಮೆನುಗಳನ್ನು ಕಲಿತ ಯಾವ ಗುಮಾಸ್ತರಿಗೂ, ಯಾವ ವಿದ್ಯಾರ್ಥಿಗೂ ಇದು ಮೀರಿದ್ದಲ್ಲ.

ಅಮೆರಿಕದ ಅರ್ಥಶಾಸ್ತ್ರ ಸಂಘ 2019ರಿಂದ ತನ್ನ ಪತ್ರಿಕೆಗಳಿಗೆ ಅಂಗೀಕೃತವಾದ ಪ್ರಬಂಧಗಳ ಲೆಕ್ಕದ ಸ್ಕ್ರಿಪ್ಟುಗಳನ್ನು ಪ್ರಕಟಣೆಗೆ ಮೊದಲೇ ಪರಿಶೀಲಿಸುತ್ತಿದೆ. ಮಾಹಿತಿ ಗೋಪ್ಯವಾಗಿದ್ದು ಹಂಚಲಾಗದಿದ್ದರೂ ಸ್ಕ್ರಿಪ್ಟನ್ನು ಹಂಚಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕೃಷಿ ವಿಜ್ಞಾನಗಳಲ್ಲಿ ಅಂಕಿಅಂಶ ಆಧರಿಸಿದ ಪಿಎಚ್‌ಡಿ ಪ್ರಬಂಧ ಸಲ್ಲಿಸುವವರಿಗೆ, ಇಲಾಖೆಗಳಿಗೆ ಸಮೀಕ್ಷಾ ವರದಿ ಬರೆದುಕೊಡುವವರಿಗೆ ಇದೇ ಷರತ್ತು ಹಾಕಲು ಹೊಸ ಕಾಯ್ದೆಯಾಗಲಿ ದೊಡ್ಡ ಹಣವಾಗಲಿ ಬೇಕಿಲ್ಲ. ಮಾರ್ಗದರ್ಶಕರಲ್ಲಿ, ವರದಿ ಒಪ್ಪಿಕೊಳ್ಳುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ: ಕೋಷ್ಟಕದ ಜೊತೆ ಅದನ್ನು ಹುಟ್ಟಿಸಿದ ಸ್ಕ್ರಿಪ್ಟನ್ನೂ, ಓಡುವಾಗ ಬಂದ ಎಚ್ಚರಿಕೆಗಳ ಫೈಲನ್ನೂ ಕೇಳಿ ಪಡೆಯಿರಿ, ಸಹಿ ಹಾಕುವ ಮೊದಲು ನಿಮ್ಮ ಕಂಪ್ಯೂಟರಿನಲ್ಲೇ ಒಮ್ಮೆ ಓಡಿಸಿ ನೋಡಿ.